ದೀರ್ಘಕಾಲ ನಿಲ್ಲಿಸಿದ ಕಾರಿನ ಪುನಶ್ಚಾಲನೆ

ದೀರ್ಘಕಾಲ ನಿಲ್ಲಿಸಿದ ಕಾರಿನ ಪುನಶ್ಚಾಲನೆ ಎಂದರೆ ಹಲವು ತಿಂಗಳು ಅಥವಾ ವರ್ಷಗಳ ಕಾಲ ಚಲಿಸದೆ ಒಂದೇ ಸ್ಥಳದಲ್ಲಿ ನಿಂತಿದ್ದ ಮೋಟಾರು ಕಾರನ್ನು ಪರೀಕ್ಷಿಸಿ, ಕೆಟ್ಟುಹೋದ ದ್ರವಗಳನ್ನೂ ಭಾಗಗಳನ್ನೂ ಬದಲಿಸಿ, ಮತ್ತೆ ಸುರಕ್ಷಿತವಾಗಿ ಓಡುವ ಸ್ಥಿತಿಗೆ ತರುವ ಕಾರ್ಯ. ಆಡುಮಾತಿನಲ್ಲಿ ಇದನ್ನು 'ನಿಂತ ಗಾಡಿ ಎಬ್ಬಿಸುವುದು' ಎನ್ನಬಹುದು. ಎಂಜಿನ್ ಚಾಲೂ ಆಗುವುದು ಈ ಕಾರ್ಯದ ಒಂದು ಹಂತ ಮಾತ್ರ. ಅದು ಮೊದಲ ಹಂತವೂ ಅಲ್ಲ, ಕೊನೆಯ ಹಂತವೂ ಅಲ್ಲ. ಬಹುಕಾಲ ನಿಂತ ಕಾರಿಗೆ ಆಗುವ ಹಾನಿಯಲ್ಲಿ ಗಣನೀಯ ಭಾಗ ನಿಂತಿದ್ದಾಗ ಆದದ್ದಲ್ಲ, ಅವಸರದಿಂದ ಮೊದಲ ಬಾರಿ ಕೀಲಿ ತಿರುಗಿಸಿದ ಕೆಲವು ಸೆಕೆಂಡುಗಳಲ್ಲಿ ಆದದ್ದು.

ಹಿನ್ನೆಲೆ

ಕಾರುಗಳು ದೀರ್ಘಕಾಲ ನಿಲ್ಲುವುದಕ್ಕೆ ಕಾರಣಗಳು ಹಲವು. ಮಾಲೀಕರು ವಿದೇಶಕ್ಕೆ ತೆರಳುವುದು, ಅನಾರೋಗ್ಯ, ಮನೆಯ ಹಿರಿಯರ ಮರಣ, ಆಸ್ತಿ ವಿವಾದ, ಬಿಡಿಭಾಗಗಳ ಅಲಭ್ಯತೆ ಇವುಗಳಲ್ಲಿ ಮುಖ್ಯವಾದವು. ಮಕ್ಕಳು ದೂರದೇಶದಲ್ಲಿ ನೆಲೆಸಿ ತಂದೆತಾಯಿಗಳು ಮಾತ್ರ ಉಳಿದಿರುವ ಮನೆಗಳಲ್ಲಿ ಹೊದಿಕೆ ಹೊದ್ದು ನಿಂತ ಕಾರು ಅಪರೂಪದ ದೃಶ್ಯವಲ್ಲ. 2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಓಡುತ್ತಿದ್ದ ಕಾರುಗಳೂ ಏಕಾಏಕಿ ನಿಂತುವು. ನಿಂತ ವಾಹನದ ಬ್ಯಾಟರಿ ತಾನಾಗಿ ಖಾಲಿಯಾಗುತ್ತದೆ ಎಂಬುದು ಅನೇಕ ಮಾಲೀಕರಿಗೆ ಅನುಭವಕ್ಕೆ ಬಂದದ್ದು ಆಗಲೇ.

ಭಾರತದಲ್ಲಿ ಈ ರೀತಿ ಪುನಶ್ಚಾಲನೆಗೆ ಬರುವ ಹಳೆಯ ವಾಹನಗಳಲ್ಲಿ ಹಿಂದೂಸ್ತಾನ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಹಾಗೂ 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಪ್ರಮುಖವಾದವು. ಈ ಕಾರುಗಳ ಹಳೆಯ ಮಾದರಿಗಳು ಕಾರ್ಬ್ಯುರೇಟರ್ ಹೊಂದಿದ್ದವು. ಅವುಗಳ ರಚನೆ ಸರಳವಾದುದರಿಂದ ಊರಿನ ಸಾಮಾನ್ಯ ಮೆಕ್ಯಾನಿಕ್ ಕೂಡ ಬಿಚ್ಚಿ ಜೋಡಿಸಬಲ್ಲ. ಇಂಧನ ಸಿಂಪರಣೆ ವ್ಯವಸ್ಥೆ ಮತ್ತು ಗಣಕ ನಿಯಂತ್ರಣವಿರುವ ನಂತರದ ಕಾರುಗಳು ನಿಂತು ಕೆಡುವುದು ಕಡಿಮೆ; ಆದರೆ ಕೆಟ್ಟರೆ ದುರಸ್ತಿಯ ವೆಚ್ಚ ಹೆಚ್ಚು.

ನಿಂತ ಕಾರಿನಲ್ಲಿ ನಡೆಯುವ ಬದಲಾವಣೆಗಳು

ನಿಂತ ಕಾರು ವಿಶ್ರಾಂತಿಯಲ್ಲಿದೆ ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಅದರೊಳಗೆ ರಾಸಾಯನಿಕ ಕ್ರಿಯೆಗಳು ಎಡೆಬಿಡದೆ ನಡೆಯುತ್ತಿರುತ್ತವೆ. ಎಂಜಿನ್ ತಿರುಗುತ್ತಿರುವಾಗ ಸಿಲಿಂಡರಿನ ಗೋಡೆ, ಬೇರಿಂಗ್ ಹಾಗೂ ಕವಾಟಗಳ ಮೇಲೆ ಇರುವ ಎಣ್ಣೆಯ ತೆಳುಪದರ ನಿಂತ ಮೇಲೆ ನಿಧಾನವಾಗಿ ಕೆಳಗಿಳಿದು ತಳದ ತಟ್ಟೆಯಲ್ಲಿ ಶೇಖರವಾಗುತ್ತದೆ. ಹೀಗೆ ಬರಿದಾದ ಲೋಹಕ್ಕೆ ಗಾಳಿಯ ತೇವ ತಗುಲಿ ತುಕ್ಕು ಹಿಡಿಯುತ್ತದೆ. ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ಅಂಟಿಕೊಂಡ ಸ್ಥಿತಿಯನ್ನು ಮೆಕ್ಯಾನಿಕ್‌ಗಳು 'ಎಂಜಿನ್ ಜಾಮ್' ಎನ್ನುತ್ತಾರೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಇದು ಬೇಗ ಸಂಭವಿಸುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ನಿಧಾನ, ಆದರೆ ಅಲ್ಲಿ ಬಿಸಿಲಿಗೆ ರಬ್ಬರು ಬೇಗ ಬಿರಿಯುತ್ತದೆ.

ಬಳಸಿದ ಎಂಜಿನ್ ಎಣ್ಣೆಯಲ್ಲಿ ದಹನದಿಂದ ಉಂಟಾದ ಆಮ್ಲಗಳೂ ನೀರಿನ ಅಂಶವೂ ಇರುತ್ತವೆ. ಕಾರು ಓಡುತ್ತಿದ್ದರೆ ಎಂಜಿನ್ನಿನ ಶಾಖಕ್ಕೆ ನೀರು ಆವಿಯಾಗಿ ಹೋಗುತ್ತದೆ. ನಿಂತ ಕಾರಿನಲ್ಲಿ ಅದು ಉಳಿದು ಲೋಹವನ್ನು ಕೊರೆಯುತ್ತದೆ. ಆದ್ದರಿಂದ ಎಣ್ಣೆ ಬದಲಿಸಿದ ಮೇಲೆ ಕಾರು ಒಂದು ಕಿಲೋಮೀಟರು ಕೂಡ ಓಡಿಲ್ಲ ಎಂಬುದು ಹಳೆಯ ಎಣ್ಣೆಯನ್ನು ಉಳಿಸಿಕೊಳ್ಳಲು ಸಮರ್ಥನೆಯಾಗದು. ಎಣ್ಣೆಗೆ ದೂರದ ಲೆಕ್ಕದಂತೆ ಕಾಲದ ಲೆಕ್ಕವೂ ಇದೆ.

ಪ್ರಾಣಿಗಳ ಹಾವಳಿ

ಬಾನೆಟ್ ತೆರೆಯುವಾಗಲೇ ಎಚ್ಚರ ಅಗತ್ಯ. ಇಲಿಗಳು ಗಾಳಿ ಶೋಧಕದ ಡಬ್ಬಿಯಲ್ಲಿ ಹುಲ್ಲು, ಬಟ್ಟೆ, ಕಾಗದದ ಚೂರುಗಳಿಂದ ಗೂಡು ಕಟ್ಟುತ್ತವೆ ಮತ್ತು ತಂತಿಗಳ ಹೊದಿಕೆಯನ್ನು ಕಡಿಯುತ್ತವೆ. ಹೊದಿಕೆ ಕಳೆದುಕೊಂಡ ಎರಡು ತಂತಿಗಳು ತಾಗಿದರೆ ಬ್ಯಾಟರಿ ಜೋಡಿಸಿದ ಕ್ಷಣದಲ್ಲೇ ಬೆಂಕಿ ಹೊತ್ತಿಕೊಳ್ಳಬಹುದು. ಹೊಗೆ ಕೊಳವೆಯ ಬಾಯಿಯಲ್ಲಿ ಕಣಜಗಳು ಮಣ್ಣಿನ ಗೂಡು ಮಾಡುವುದುಂಟು. ಇಲಿ ಇದ್ದಲ್ಲಿಗೆ ಹಾವು ಬರುವುದು ಸಹಜವಾದುದರಿಂದ ಆಸನದ ಕೆಳಗೆ, ಬಾನೆಟ್ಟಿನ ಒಳಗೆ, ಚಕ್ರದ ಕಮಾನಿನಲ್ಲಿ ಕೈ ಹಾಕುವ ಮೊದಲು ದೀಪ ಹಿಡಿದು ನೋಡಬೇಕು. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ಮಾರಕವಾಗಬಲ್ಲ ರೋಗ. ಗೂಡುಗಳನ್ನು ಕೈಗವಸು ಮತ್ತು ಮುಖಗವಸು ಧರಿಸಿಯೇ ತೆಗೆಯಬೇಕು; ಒಣಗಿದ ಹಿಕ್ಕೆಯನ್ನು ಗುಡಿಸದೆ, ಸೋಂಕುನಿವಾರಕದಿಂದ ತೋಯಿಸಿ ಒರೆಸುವುದು ಲೇಸು.

ಬ್ಯಾಟರಿ

ಕಾರಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಪೂರ್ಣವಾಗಿ ವಿದ್ಯುದಾವೇಶಗೊಂಡು ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗಿಂತ ಕೆಳಗಿಳಿದರೆ ಅದು ಬಹುಮಟ್ಟಿಗೆ ಖಾಲಿಯಾಗಿದೆ ಎಂದರ್ಥ. ಕೀಲಿ ತೆಗೆದ ಮೇಲೂ ಗಡಿಯಾರ, ಕಳ್ಳತನ ಸೂಚಕ, ನಿಯಂತ್ರಣ ಗಣಕಗಳು ಅಲ್ಪ ವಿದ್ಯುತ್ತನ್ನು ಸೆಳೆಯುತ್ತಲೇ ಇರುತ್ತವೆ. ಈ ಸೆಳೆತ 30 ಮಿಲಿ ಆಂಪಿಯರ್ ಎಂದು ಭಾವಿಸಿದರೆ ದಿನಕ್ಕೆ 0.72 ಆಂಪಿಯರ್-ಗಂಟೆ ವ್ಯಯವಾಗುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿ ಸುಮಾರು ಏಳು ವಾರಗಳಲ್ಲಿ ಬರಿದಾಗುತ್ತದೆ. ಬ್ಯಾಟರಿ ತಾನಾಗಿ ಕಳೆದುಕೊಳ್ಳುವ ಆವೇಶವನ್ನೂ ಸೇರಿಸಿದರೆ ಈ ಅವಧಿ ಇನ್ನೂ ಕಡಿಮೆ. ಖಾಲಿಯಾಗಿ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಈ ಹಂತ ದಾಟಿದ ಬ್ಯಾಟರಿಯನ್ನು ಉಳಿಸುವ ಪ್ರಯತ್ನಕ್ಕಿಂತ ಹೊಸದನ್ನು ಕೊಳ್ಳುವುದೇ ಮೇಲು.

ಬದುಕುಳಿದಿರುವ ಬ್ಯಾಟರಿಯನ್ನು ಕಾರಿನಿಂದ ಹೊರತೆಗೆದು ನಿಧಾನವಾಗಿ, ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಪ್ರವಾಹದಲ್ಲಿ ಚಾರ್ಜ್ ಮಾಡಬೇಕು. ನೀರು ತುಂಬುವ ಮಾದರಿಯಾದರೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಬಾವಿಯ ಅಥವಾ ನಲ್ಲಿಯ ನೀರಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಚಾರ್ಜ್ ಆಗುವಾಗ ಹೊರಡುವ ಜಲಜನಕ ಅನಿಲ ಸ್ಫೋಟಕ ಸ್ವಭಾವದ್ದಾದುದರಿಂದ ಗಾಳಿಯಾಡುವ ಜಾಗ ಬೇಕು, ಹತ್ತಿರದಲ್ಲಿ ಬೀಡಿ, ಬೆಂಕಿ ಕೂಡದು. ಕಳಚುವಾಗ ಋಣ ತುದಿಯನ್ನು ಮೊದಲು, ಜೋಡಿಸುವಾಗ ಅದನ್ನೇ ಕೊನೆಗೆ ಎಂಬುದು ನಿಯಮ. ಬೇರೊಂದು ಕಾರಿನ ಬ್ಯಾಟರಿಯಿಂದ ತಂತಿ ಎಳೆದು ಚಾಲೂ ಮಾಡುವಾಗ ಎರಡೂ ಧನ ತುದಿಗಳನ್ನು ಮೊದಲು ಜೋಡಿಸಿ, ನಂತರ ಸಹಾಯಕ ಕಾರಿನ ಋಣ ತುದಿಗೆ ತಂತಿ ಹಾಕಿ, ಅದರ ಇನ್ನೊಂದು ಕೊನೆಯನ್ನು ನಿಂತ ಕಾರಿನ ಬ್ಯಾಟರಿಗಲ್ಲದೆ ಎಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಬೇಕು. ಕೊನೆಯ ಜೋಡಣೆಯಲ್ಲಿ ಹಾರುವ ಕಿಡಿ ಬ್ಯಾಟರಿಯಿಂದ ದೂರವಿರಲಿ ಎಂಬುದೇ ಇದರ ಉದ್ದೇಶ.

ಇಂಧನ

ಪೆಟ್ರೋಲ್ ಒಂದೇ ಪದಾರ್ಥವಲ್ಲ. ಬೇರೆಬೇರೆ ಕುದಿಬಿಂದುಗಳ ಅನೇಕ ಹೈಡ್ರೋಕಾರ್ಬನ್‌ಗಳ ಮಿಶ್ರಣ. ನಿಂತ ಕಾರಿನ ಟ್ಯಾಂಕಿನಿಂದ ಬೇಗ ಆವಿಯಾಗುವ ಹಗುರ ಅಂಶಗಳು ಮೊದಲು ಹೊರಟುಹೋಗುತ್ತವೆ. ಎಂಜಿನ್ ತಣ್ಣಗಿರುವಾಗ ಚಾಲೂ ಆಗಲು ಬೇಕಾದವು ಇವೇ. ಉಳಿದ ಭಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಕಂದುಬಣ್ಣದ ಅಂಟಾಗುತ್ತದೆ. ಕೆಟ್ಟ ಪೆಟ್ರೋಲನ್ನು ವಾಸನೆಯಿಂದಲೇ ಗುರುತಿಸಬಹುದು: ಚುರುಕಾದ ಘಾಟು ಹೋಗಿ ಹಳೆಯ ವಾರ್ನಿಷ್‌ನಂತಹ ಹುಳಿ ವಾಸನೆ ಬರುತ್ತದೆ. ಕಾರ್ಬ್ಯುರೇಟರಿನಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿರುವುದರಿಂದ ಅವು ಮುಚ್ಚಿಹೋಗಲು ಇಂತಹ ಅಂಟು ಸ್ವಲ್ಪವೇ ಸಾಕು. ಆ ರಂಧ್ರಗಳನ್ನು ದ್ರಾವಕ ಮತ್ತು ಒತ್ತಡದ ಗಾಳಿಯಿಂದ ಸ್ವಚ್ಛಗೊಳಿಸಬೇಕು. ತಂತಿ ತೂರಿಸಿದರೆ ರಂಧ್ರದ ಅಳತೆ ಕೆಟ್ಟು ಕಾರು ಮುಂದೆಂದೂ ಸರಿಯಾಗಿ ಓಡದು.

ಎಥನಾಲ್ ಮಿಶ್ರಣ ಈ ಸಮಸ್ಯೆಗೆ ಹೊಸ ಆಯಾಮ ತಂದಿದೆ. ಶೇ. 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಚಾಲನೆ ದೊರೆಯಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಒಂದು ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ಇಂಧನ ಪಂಪು ಹೀರುವುದು ತಳದಿಂದಲೇ. ಉಕ್ಕಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹಳೆಯ ಕಾರುಗಳ ರಬ್ಬರು ಕೊಳವೆಗಳು ಎಥನಾಲ್‌ಗೆ ಊದಿ ಮೃದುವಾಗಿ ಸೋರುತ್ತವೆ. ಅಂಬಾಸಿಡರ್‌ನಂತಹ ಕಾರುಗಳನ್ನು ಎಬ್ಬಿಸುವಾಗ ಇಂಧನ ಕೊಳವೆಗಳನ್ನು ನೋಡಲು ಚೆನ್ನಾಗಿದ್ದರೂ ಬದಲಿಸುವುದು ಈ ಕಾರಣಕ್ಕೆ. ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲಿಗಿಂತ ಕೊಳವೆಯ ಬೆಲೆ ಅಗ್ಗ.

ಹಳೆಯ ಪೆಟ್ರೋಲನ್ನು ಹೊರತೆಗೆಯಲು ಕೊಳವೆಗೆ ಬಾಯಿಯಿಟ್ಟು ಎಳೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಇದು ಅತ್ಯಂತ ಅಪಾಯಕರ. ನುಂಗಿದ ಪೆಟ್ರೋಲಿಗಿಂತ ಶ್ವಾಸಕೋಶಕ್ಕೆ ಇಳಿದ ಪೆಟ್ರೋಲ್ ಹೆಚ್ಚು ಘಾತಕ. ಒಂದು ಗುಟುಕು ಕೂಡ ತೀವ್ರ ಶ್ವಾಸಕೋಶದ ಉರಿಯೂತವನ್ನು ಉಂಟುಮಾಡಬಲ್ಲದು. ಹಾಗೆ ಆದಾಗ ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕೈಪಂಪು ಬಳಸುವುದು ಅಥವಾ ಟ್ಯಾಂಕಿನ ತಳದ ತಿರುಪನ್ನು ಬಿಚ್ಚಿ ಇಳಿಸುವುದು ಸರಿಯಾದ ಕ್ರಮ. ಹೊರತೆಗೆದ ಇಂಧನವನ್ನು ಚರಂಡಿಗೂ ಮಣ್ಣಿಗೂ ಸುರಿಯಬಾರದು.

ಡೀಸೆಲ್ ಹೆಚ್ಚು ಕಾಲ ಬಾಳುತ್ತದೆ. ಆದರೆ ಟ್ಯಾಂಕಿನಲ್ಲಿ ನೀರು ಸೇರಿದರೆ ನೀರು ಮತ್ತು ಡೀಸೆಲ್ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯುಂಟಾಗಿ ಶೋಧಕವನ್ನು ಕಟ್ಟುತ್ತವೆ. ಕೊಳವೆಯೊಳಗೆ ಗಾಳಿ ಸೇರಿದ್ದರೆ ಕೈಪಂಪಿನಿಂದ ಒತ್ತಿ ಹೊರಡಿಸಬೇಕು.

ಬ್ರೇಕ್ ಮತ್ತು ಟೈರು

ಕಾರು ಎಬ್ಬಿಸುವವರ ಗಮನವೆಲ್ಲ ಎಂಜಿನ್ನಿನ ಮೇಲೆ ಇರುತ್ತದೆ. ಚಾಲೂ ಆಗದ ಕಾರು ಯಾರಿಗೂ ಹಾನಿ ಮಾಡದು. ಚಾಲೂ ಆಗಿ ನಿಲ್ಲಲಾರದ ಕಾರು ಜೀವ ತೆಗೆಯುತ್ತದೆ. ಆದುದರಿಂದ ಎಂಜಿನ್ ಚಾಲೂ ಮಾಡುವ ಮುನ್ನವೇ ಬ್ರೇಕಿನ ಕೆಲಸ ಮುಗಿಯಬೇಕು.

ಸಾಮಾನ್ಯ ಬ್ರೇಕ್ ದ್ರವ ಗ್ಲೈಕಾಲ್ ಆಧಾರಿತವಾದುದು ಮತ್ತು ತೇವವನ್ನು ಹೀರುವ ಗುಣವುಳ್ಳದ್ದು. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ತೇವ ಹೀರಿದ ದ್ರವಕ್ಕೆ ಈ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155. ಆಗುಂಬೆ, ಚಾರ್ಮಾಡಿಯಂತಹ ಘಟ್ಟದ ಇಳಿಜಾರಿನಲ್ಲಿ ಮತ್ತೆಮತ್ತೆ ಬ್ರೇಕ್ ಒತ್ತಿದಾಗ ಶಾಖಕ್ಕೆ ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಆವಿಯನ್ನು ಅದುಮಬಹುದಾದುದರಿಂದ ಪೆಡಲು ನೆಲಕ್ಕೆ ಹೋದರೂ ಚಕ್ರ ನಿಲ್ಲದು. ಹಾಗಾಗಿ ವರ್ಷಗಟ್ಟಲೆ ನಿಂತ ಕಾರಿನ ದ್ರವವನ್ನು ಪೂರ್ತಿ ಹೊರಹಾಕಿ, ಕೈಪಿಡಿ ತಿಳಿಸುವ ಚಕ್ರಗಳ ಕ್ರಮದಲ್ಲಿ ಹೊಸ ದ್ರವ ತುಂಬಬೇಕು. ಅದು ಬಣ್ಣವನ್ನು ಕರಗಿಸುವುದರಿಂದ ಕಾರಿನ ಮೈಮೇಲೆ ಚೆಲ್ಲದಂತೆ ನೋಡಿಕೊಳ್ಳಬೇಕು.

ಹೀರಿದ ತೇವ ಕೊಳವೆಯ ಒಳಗೂ ತುಕ್ಕು ತರುತ್ತದೆ. ಮುಖ್ಯ ಸಿಲಿಂಡರಿನಲ್ಲಿ ರಬ್ಬರು ಮುದ್ರೆಗಳು ಪ್ರತಿದಿನ ಚಲಿಸುತ್ತಿದ್ದ ಭಾಗ ನಯವಾಗಿರುತ್ತದೆ, ಅದರಾಚೆಯ ಭಾಗ ಒರಟಾಗಿರುತ್ತದೆ. ಪರೀಕ್ಷೆಯ ಹೆಸರಿನಲ್ಲಿ ಪೆಡಲನ್ನು ನೆಲಮುಟ್ಟ ಪದೇಪದೇ ಒತ್ತಿದರೆ ಮುದ್ರೆಗಳು ಈ ಒರಟಿನ ಮೇಲೆ ಉಜ್ಜಿ ಹರಿಯುತ್ತವೆ. ಹಿಂದಿನ ದಿನ ಸರಿಯಿದ್ದ ಬ್ರೇಕ್ ಮರುದಿನ ಸೋರುವುದಕ್ಕೆ ಇದೇ ಕಾರಣವಾಗಿರಬಹುದು.

ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ ಕಾರಿನ ಹಿಂಚಕ್ರಗಳ ಪಟ್ಟಿಗಳು ಡ್ರಮ್ಮಿಗೆ ಅಂಟಿಕೊಳ್ಳುತ್ತವೆ. ಇಂತಹ ಕಾರನ್ನು ಇನ್ನೊಂದು ವಾಹನದಿಂದ ಜಗ್ಗಿ ಎಳೆದರೆ ಪಟ್ಟಿಯ ಪದರವೇ ಕಿತ್ತುಬರಬಹುದು. ಚಕ್ರ ಕಳಚಿ ಡ್ರಮ್ಮನ್ನು ಸುತ್ತಲೂ ಮೆಲ್ಲಗೆ ಬಡಿದು ಬಿಡಿಸುವುದು ಸರಿಯಾದ ಕ್ರಮ. ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿಂದ ಒಳಗಿನ ದೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಬರೀ ಜಾಕಿನ ಆಧಾರದ ಮೇಲೆ ಎತ್ತಿದ ಕಾರಿನ ಕೆಳಗೆ ಯಾವ ಕಾರಣಕ್ಕೂ ನುಸುಳಬಾರದು. ಜಾಕು ಎತ್ತುವ ಸಾಧನವೇ ಹೊರತು ಹೊರುವ ಸಾಧನವಲ್ಲ.

ಟೈರಿನ ಪಾರ್ಶ್ವದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ. ಮೇಲ್ಮೈಯ ಗೀರುಗಳು ಸವೆಯದಿದ್ದರೂ ಪಾರ್ಶ್ವದಲ್ಲಿ ಬಿರುಕು ಕಂಡರೆ ಟೈರು ಹೆದ್ದಾರಿಗೆ ಯೋಗ್ಯವಲ್ಲ.

ಎಂಜಿನ್ನಿನ ಪೂರ್ವಸಿದ್ಧತೆ

ಎಂಜಿನ್ ಎಣ್ಣೆ ಮತ್ತು ಅದರ ಶೋಧಕವನ್ನು ಬದಲಿಸಿ, ರೇಡಿಯೇಟರಿನ ಹಳೆಯ ದ್ರವವನ್ನು ಇಳಿಸಿ, ಹೊಸ ಶೀತಕ ತುಂಬಬೇಕು. ಬರಿಯ ನೀರು ತುಂಬುವ ರೂಢಿಯಿಂದ ಎಷ್ಟೋ ಎಂಜಿನ್ನುಗಳ ನೀರಿನ ಮಾರ್ಗ ತುಕ್ಕಿನಿಂದ ಕಟ್ಟಿರುತ್ತದೆ. ಶೀತಕದಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿರುಚಿಯ ವಿಷ. ನಾಯಿ, ಬೆಕ್ಕು, ಮಕ್ಕಳ ಕೈಗೆ ಸಿಗುವಂತೆ ಅದನ್ನು ತೆರೆದ ಪಾತ್ರೆಯಲ್ಲಿ ಬಿಡಬಾರದು.

ಅನಂತರ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ 5ರಿಂದ 10 ಮಿ.ಲೀ. ಎಂಜಿನ್ ಎಣ್ಣೆ ಬಿಟ್ಟು ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಬಿಡಬೇಕು. ಮರುದಿನ ಗೇರನ್ನು ತಟಸ್ಥದಲ್ಲಿಟ್ಟು, ಕ್ರ್ಯಾಂಕ್ ರಾಟೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಸರಾಗವಾಗಿ ತಿರುಗಿದರೆ ಅರ್ಧ ಆತಂಕ ಕಳೆಯಿತು. ಅಡ್ಡಿಯಾದರೆ ಬಲ ಹಾಕದೆ ಎಣ್ಣೆ ಬಿಟ್ಟು ಇನ್ನೂ ಕೆಲವು ದಿನ ಕಾಯಬೇಕು. ಇದೇ ಸಮಯದಲ್ಲಿ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನುಗಳಲ್ಲಿ ಅದರ ವಯಸ್ಸನ್ನು ಗಮನಿಸಬೇಕು. ರಬ್ಬರಿನ ಈ ಪಟ್ಟಿ ಓಡದಿದ್ದರೂ ಮುಪ್ಪಾಗುತ್ತದೆ. ಅನೇಕ ಎಂಜಿನ್ನುಗಳಲ್ಲಿ ಅದು ತುಂಡಾದರೆ ಪಿಸ್ಟನ್ ಕವಾಟಗಳಿಗೆ ಬಡಿದು ಅವು ಬಾಗುತ್ತವೆ.

ಮೊದಲ ಚಾಲನೆ

ಪ್ಲಗ್‌ಗಳನ್ನು ಇನ್ನೂ ಹಾಕದೆ, ಕಿಡಿ ಮತ್ತು ಇಂಧನ ಎರಡನ್ನೂ ತಡೆದು ಸ್ಟಾರ್ಟರಿನಿಂದ ಎಂಜಿನ್ ತಿರುಗಿಸುವುದು ಮುಂದಿನ ಹೆಜ್ಜೆ. ಹಳೆಯ ಕಾರುಗಳಲ್ಲಿ ಕಾಯಿಲಿನ ವಿದ್ಯುತ್ ಸಂಪರ್ಕ ತಪ್ಪಿಸಿ, ಹೊಸ ಕಾರುಗಳಲ್ಲಿ ಅದರ ಜೊತೆಗೆ ಇಂಧನ ಪಂಪಿನ ಫ್ಯೂಸನ್ನೂ ತೆಗೆದು ಹೀಗೆ ಮಾಡಬಹುದು. ಸಿಲಿಂಡರಿನ ಹೆಚ್ಚುವರಿ ಎಣ್ಣೆ ಪ್ಲಗ್ಗಿನ ರಂಧ್ರದಿಂದ ಚಿಮ್ಮುವುದರಿಂದ ಅಲ್ಲಿ ಬಟ್ಟೆ ಮುಚ್ಚಿ ದೂರ ನಿಲ್ಲಬೇಕು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ಮಧ್ಯೆ ಒಂದೆರಡು ನಿಮಿಷ ಬಿಡುವು ಕೊಟ್ಟು, ಎಣ್ಣೆಯ ಒತ್ತಡದ ಕೆಂಪು ದೀಪ ಆರುವವರೆಗೆ ಇದನ್ನು ಮುಂದುವರಿಸಬೇಕು. ದೀಪ ಆರಿದರೆ ಬೇರಿಂಗುಗಳಿಗೆ ಎಣ್ಣೆ ತಲುಪಿದೆ. ಆಮೇಲೆಯೇ ಪ್ಲಗ್, ಕಿಡಿ, ಹೊಸ ಪೆಟ್ರೋಲ್.

ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುವುದು ಒಂದು ಕಾಲದಲ್ಲಿ ಬೀದಿಬೀದಿಯ ದೃಶ್ಯವಾಗಿತ್ತು. ರಾತ್ರಿ ದೀಪ ಆರಿಸಲು ಮರೆತ ಕಾರಿಗೆ ಅದು ಸಾಕು, ವರ್ಷಗಟ್ಟಲೆ ನಿಂತ ಕಾರಿಗೆ ಸಲ್ಲದು. ಒಣಗಿದ ಎಂಜಿನ್ ಏಕಾಏಕಿ ವೇಗದಲ್ಲಿ ತಿರುಗುತ್ತದೆ, ಬ್ರೇಕಿನ ಸಹಾಯಕ ಒತ್ತಡ ಇರುವುದಿಲ್ಲ, ಉರಿಯದ ಪೆಟ್ರೋಲ್ ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ.

ಎಂಜಿನ್ ಚಾಲೂ ಆದೊಡನೆ ಆಕ್ಸಿಲರೇಟರ್ ಒತ್ತಿ ಅಬ್ಬರಿಸುವ ಆಸೆಯನ್ನು ಹತ್ತಿಕ್ಕಬೇಕು. ಎಣ್ಣೆಯ ದೀಪ ಕೆಲವು ಸೆಕೆಂಡುಗಳಲ್ಲಿ ಆರದಿದ್ದರೆ ಕೂಡಲೇ ನಿಲ್ಲಿಸಬೇಕು. ಸಿಲಿಂಡರಿಗೆ ಬಿಟ್ಟ ಎಣ್ಣೆ ಉರಿದು ಮೊದಲ ಕೆಲವು ನಿಮಿಷ ನೀಲಿ ಹೊಗೆ ಬರುವುದು ಸಹಜ. ಅದು ನಿಲ್ಲದೇ ಹೋದರೆ ಉಂಗುರಗಳು ಕೆಟ್ಟಿವೆ ಎಂದು ತಿಳಿಯಬಹುದು. ಸಿಹಿವಾಸನೆಯ ಬಿಳಿ ಹೊಗೆ ಬಿಡದೆ ಬರುತ್ತಿದ್ದರೆ ಶೀತಕ ಸಿಲಿಂಡರಿಗೆ ಸೋರುತ್ತಿರಬಹುದು.

ಈ ಕೆಲಸವನ್ನು ಮುಚ್ಚಿದ ಶೆಡ್ಡಿನಲ್ಲಿ ಎಂದಿಗೂ ಮಾಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಮಂಪರು ಕವಿದವನಿಗೆ ಹೊರಗೆ ಬರಬೇಕೆಂಬ ವಿವೇಕವೂ ಉಳಿಯದಿರಬಹುದು. ಬಾಗಿಲನ್ನು ಸ್ವಲ್ಪ ತೆರೆದರೆ ಸಾಕು ಎಂಬ ನಂಬಿಕೆ ತಪ್ಪು. ಕಾರನ್ನು ಬಯಲಿಗೆ ತಳ್ಳಿದ ಮೇಲೆಯೇ ಚಾಲೂ ಮಾಡಬೇಕು.

ಮೊದಲ ಓಡಾಟ ಅಂಗಳದಲ್ಲಿ, ನಡಿಗೆಯ ವೇಗದಲ್ಲಿ, ಹ್ಯಾಂಡ್ ಬ್ರೇಕ್ ಕೈಗೆಟಕುವಂತೆ ಇಟ್ಟುಕೊಂಡು ನಡೆಯಬೇಕು. ತೇವದಿಂದ ಕ್ಲಚ್ ಫಲಕ ಅಂಟಿಕೊಂಡಿರುವ ಸಾಧ್ಯತೆಯುಂಟು. ಆಗ ಕ್ಲಚ್ ಒತ್ತಿದರೂ ಕಾರು ಮುನ್ನುಗ್ಗುತ್ತದೆ. ಹೀಗಾಗಿ ಗೋಡೆಯ ಮುಂದೆ, ಮನುಷ್ಯರು ಎದುರಿಗೆ ನಿಂತಿರುವಾಗ ಗೇರ್ ಹಾಕಬಾರದು. ಕೆಲವು ನೂರು ಕಿಲೋಮೀಟರು ಓಡಿದ ಬಳಿಕ ಎಂಜಿನ್ ಎಣ್ಣೆಯನ್ನು ಮತ್ತೊಮ್ಮೆ ಬದಲಿಸುವುದು ಒಳ್ಳೆಯದು. ತೊಳೆದುಬಂದ ಕೆಸರೆಲ್ಲ ಅದರಲ್ಲಿರುತ್ತದೆ.

ಕಾನೂನು ಮತ್ತು ದಾಖಲೆಗಳು

ಕಾರು ಓಡುವ ಸ್ಥಿತಿಗೆ ಬಂದರೂ ದಾಖಲೆಗಳು ಊರ್ಜಿತವಾಗುವವರೆಗೆ ಅದನ್ನು ರಸ್ತೆಗೆ ತರುವಂತಿಲ್ಲ. ಮೋಟಾರು ವಾಹನಗಳ ಕಾಯ್ದೆ, 1988ರ 146ನೆಯ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಕ್ಕೆ ಮೂರನೆಯ ವ್ಯಕ್ತಿ ವಿಮೆ ಕಡ್ಡಾಯ. ಅವಧಿ ಮುಗಿದ ವಿಮೆಯನ್ನು ನವೀಕರಿಸುವ ಮುನ್ನ ಕಂಪನಿ ವಾಹನವನ್ನು ತಪಾಸಣೆ ಮಾಡಿಸಬಹುದು. ವಿಮೆ ತಪ್ಪಿ 90 ದಿನ ಕಳೆದರೆ ಹಕ್ಕುದಾವೆ ಇಲ್ಲದ ವರ್ಷಗಳಿಗೆ ದೊರೆಯುತ್ತಿದ್ದ ರಿಯಾಯಿತಿ ನಷ್ಟವಾಗುತ್ತದೆ. ಹೊಗೆ ತಪಾಸಣೆಯ ಪ್ರಮಾಣಪತ್ರವೂ ಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮಾತ್ರ ಊರ್ಜಿತವಾಗಿದ್ದು, ಅನಂತರ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ಮಾಲೀಕರು ತೀರಿಕೊಂಡಿದ್ದಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆ ಮೊದಲು ಆಗಬೇಕು. ದುರಸ್ತಿಗೆ ಹಣ ಹೂಡುವ ಮುನ್ನವೇ ಇದನ್ನು ವಿಚಾರಿಸಿಕೊಳ್ಳುವುದು ಜಾಣತನ, ಏಕೆಂದರೆ ಹಲವು ಬಾರಿ ಎಂಜಿನ್ನಿಗಿಂತ ಕಾಗದಪತ್ರಗಳೇ ಹೆಚ್ಚು ತುಕ್ಕು ಹಿಡಿದಿರುತ್ತವೆ.

50 ವರ್ಷ ಮೀರಿದ, ಮೂಲರೂಪದಲ್ಲಿ ಕಾಯ್ದುಕೊಂಡು ಬಂದಿರುವ ಕಾರುಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮ ರೂಪಿಸಿ, ನೋಂದಣಿ ಸಂಖ್ಯೆಯಲ್ಲಿ 'ವಿಎ' ಅಕ್ಷರಗಳಿರುವ ವಿಂಟೇಜ್ ವರ್ಗವನ್ನು ಆರಂಭಿಸಿತು. ಈ ವರ್ಗದ ಕಾರುಗಳನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಮತ್ತು ದುರಸ್ತಿಯ ಸಲುವಾಗಿ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕೂ ವಾಣಿಜ್ಯ ಉದ್ದೇಶಕ್ಕೂ ಬಳಸುವಂತಿಲ್ಲ.